ಮರುಳಯ್ಯನವರ ರೈಲಿಗೆ ಚಳಿಗಾಲ

ಬೆಟ್ಟದ ಮೇಲಿನ ಆ ಆಶ್ರಮದಲ್ಲಿ ದೇವರ ಕೋಣೆ ಇರಲಿಲ್ಲ. ರೈಲು ಇತ್ತು.

ಗೇಣುದ್ದದ ಬೋಗಿಗಳ ಪುಟ್ಟ ರೈಲು. ತೋಟದ ಸುತ್ತ ನೂರಿಪ್ಪತ್ತು ಹೆಜ್ಜೆ ಹಳಿ. ಮೊಣಕಾಲೆತ್ತರದ ಒಂದು ನಿಲ್ದಾಣ, ಕೊಳದ ಮೇಲೆ ಸೇತುವೆ, ಕಲ್ಲು ಪೇರಿಸಿ ಮಾಡಿದ ಸುರಂಗ.

ಅದನ್ನು ಕಟ್ಟಿದವರು ಮರುಳಯ್ಯ. ಮೂವತ್ತೈದು ವರ್ಷ ರೈಲ್ವೆಯಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಆಗಿದ್ದವರು. ನಿವೃತ್ತರಾದ ಮೇಲೆ ಬೆಟ್ಟಕ್ಕೆ ಬಂದು, ತಮ್ಮ ಪಾಡಿಗೆ ತಾವು ರೈಲು ಕಟ್ಟಿಕೊಂಡು ಕೂತಿದ್ದರು. ನೋಡಲು ಬಂದವರು ಕಟ್ಟೆಯ ಮೇಲೆ ಕೂತು, ರೈಲು ಸುತ್ತುವುದನ್ನು ನೋಡುತ್ತ ತಮ್ಮ ಕಷ್ಟ ಹೇಳಿಕೊಂಡರು. ಮರುಳಯ್ಯ "ಹೂಂ" ಅಂದರು. ಹೋಗುವಾಗ ಬಂದವರು ಅವರ ಕಾಲಿಗೆ ಬಿದ್ದರು.

ಬೇಡ ಅನ್ನುವಷ್ಟರಲ್ಲಿ ಅದು ಆಶ್ರಮವಾಗಿಬಿಟ್ಟಿತ್ತು.

ಅಲ್ಲಿಗೆ ಒಬ್ಬ ಶಿಷ್ಯ ಬಂದ. ಅರವತ್ತೊಂದು ವರ್ಷದ ಶಿಷ್ಯ. ಹೆಸರು ವೃಷಭೇಂದ್ರಪ್ಪ. ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸಿ ನಿವೃತ್ತರಾದವರು. ಜೊತೆಗೆ ಒಂದು ದಪ್ಪ ನೋಟ್‌ಬುಕ್ಕು ತಂದಿದ್ದರು, ಗುರುಗಳ ಉಪದೇಶ ಬರೆದುಕೊಳ್ಳಲು.

ಹತ್ತು ತಿಂಗಳಾಯಿತು. ನೋಟ್‌ಬುಕ್ಕಿನಲ್ಲಿ "ಹೂಂ" ಅಂತ ನಾನೂರು ಸಲ ಬರೆದಾಗಿತ್ತು.

"ಗುರುಗಳೇ, ವೈರಾಗ್ಯ ಎಂದರೇನು?" ಒಂದು ಬೆಳಿಗ್ಗೆ ಮೇಷ್ಟ್ರು ಕೇಳಿದರು.

ಮರುಳಯ್ಯ ತೋಟದ ಕಡೆ ನೋಡುತ್ತಿದ್ದರು. ಕೋಸಿನ ಎಲೆಗಳ ಅಂಚಿನಲ್ಲಿ ಮಂಜು ಹೆಪ್ಪುಗಟ್ಟಿ ಬೆಳ್ಳಗೆ ಹೊಳೆಯುತ್ತಿತ್ತು.

"ಚಳಿ ಬಂತು ಮೇಷ್ಟ್ರೇ. ರೈಲನ್ನ ಸಿದ್ಧ ಮಾಡಬೇಕು. ನನಗೋ ಹಲ್ಲುನೋವು. ಪೇಟೆಗೆ ಹೋಗಿ ಕೀಳಿಸಿಕೊಂಡು ಬರೋಕೆ ಮೂರು ದಿನ ಆಗುತ್ತೆ. ಈ ಸಲ ನೀವೇ ಮಾಡಿ."

ಮೇಷ್ಟ್ರ ಎದೆ ಉಬ್ಬಿತು. ಇದು ಪರೀಕ್ಷೆ ಎಂದುಕೊಂಡರು.

ಬಸ್ಸು ಬಂದು ನಿಂತಿತು. ಮರುಳಯ್ಯ ಕೆನ್ನೆ ಹಿಡಿದುಕೊಂಡು ಹತ್ತಿ, ಕಿಟಕಿಯಿಂದ ತಲೆ ಹಾಕಿ ಒಂದೊಂದೇ ಮಾತು ಹೇಳಿದರು. ಮೇಷ್ಟ್ರು ಕೆಳಗೆ ನಿಂತು ಬರೆದುಕೊಂಡರು.

"ಇಂಜಿನ್ ಒಳಗೆ ತನ್ನಿ. ಬ್ಯಾಟರಿ ತೆಗೀರಿ. ಬಿದ್ದ ಎಲೆ ಗುಡಿಸಿ. ಪಾಯಿಂಟಿಗೆ ಎಣ್ಣೆ ಹಾಕಿ. ಸುರಂಗದ ಬಾಯಿ ಮುಚ್ಚಿ, ಇಲ್ಲಾಂದ್ರೆ ಇಲಿ ಸೇರ್ಕೊಳ್ಳುತ್ತೆ. ಆಮೇಲೆ, ಹಳಿಗಳ ನಡುವಿನ ಸಂದು ಮು..."

ಡ್ರೈವರು ಹಾರ್ನ್ ಒತ್ತಿದ. ಬಸ್ಸು ತಿರುವಿನಲ್ಲಿ ಮರೆಯಾಯಿತು.

"ಮುಚ್ಚಿ," ಎಂದು ಮೇಷ್ಟ್ರು ತಾವೇ ಪೂರ್ತಿ ಮಾಡಿ ಬರೆದುಕೊಂಡರು.

ಮೊದಲ ದಿನ ಅವರು ರೈಲಿನ ಹತ್ತಿರ ಹೋಗಲಿಲ್ಲ. ಬಿಸಿಲಿಗೆ ಕೂತು ಗುರುಗಳ ಆರು ವಾಕ್ಯಗಳಿಗೆ ಭಾಷ್ಯ ಬರೆದರು. ಇಂಜಿನ್ ಎಂದರೆ ಜೀವ. ಒಳಗೆ ತರುವುದೆಂದರೆ ಅಂತರ್ಮುಖಿಯಾಗುವುದು. ಬ್ಯಾಟರಿ ಎಂದರೆ ಅಹಂಕಾರ. ಎಲೆಯ ಬಗ್ಗೆಯೇ ನಾಲ್ಕು ಪುಟವಾಯಿತು.

ಅಡುಗೆಯ ದೇವೀರಮ್ಮ ಹಿತ್ತಲಿಂದ ಬಂದು ನಿಂತರು. ಆಶ್ರಮದಲ್ಲಿ ಹದಿನಾಲ್ಕು ವರ್ಷದಿಂದ ಇದ್ದವರು.

"ಮೇಷ್ಟ್ರೇ, ಎಲೆ ಗುಡಿಸಲಿಲ್ವಾ?"

"ಎಲೆ ಎಂದರೆ ಏನು ಅಂತ ಯೋಚಿಸ್ತಾ ಇದ್ದೀನಿ."

"ಎಲೆ ಅಂದ್ರೆ ಎಲೆ," ಎಂದು ದೇವೀರಮ್ಮ ಪೊರಕೆ ತಂದು ಅವರ ತೊಡೆಯ ಮೇಲಿಟ್ಟರು.

ಎರಡನೆಯ ದಿನ ಕೆಲಸ ನಡೆಯಿತು. ಎಲೆ ಗುಡಿಸಿದರು. ಇಂಜಿನನ್ನು ಮಗುವಿನ ಹಾಗೆ ಎತ್ತಿಕೊಂಡು ಬಂದು ತಮ್ಮ ಕೋಣೆಯಲ್ಲಿ ರೇಷ್ಮೆ ಶಲ್ಯ ಹೊದಿಸಿ ಇಟ್ಟರು. ಬ್ಯಾಟರಿ ತೆಗೆದರು. ಸುರಂಗದ ಎರಡೂ ಬಾಯಿಗೆ ಹಲಗೆ ಹೊಡೆದರು. ಹಳಿ ಕವಲೊಡೆಯುವ ಕಡೆಯೆಲ್ಲ ಧಾರಾಳವಾಗಿ ಎಣ್ಣೆ ಹಾಕಿದರು.

ಸ್ನಾನಕ್ಕೆಂದು ಇಟ್ಟಿದ್ದ ತೆಂಗಿನೆಣ್ಣೆ.

ನಿಲ್ದಾಣದಲ್ಲಿ ಹೆಬ್ಬೆರಳುದ್ದದ ಮರದ ಪ್ರಯಾಣಿಕರು ರೈಲಿಗೆ ಕಾಯುತ್ತ ನಿಂತಿದ್ದರು. ಪೇಟ ಸುತ್ತಿದ ಗೌಡ, ಮಗು ಎತ್ತಿಕೊಂಡ ತಾಯಿ, ಕೊಡೆ ಹಿಡಿದ ಮುದುಕ. ಒಬ್ಬೊಬ್ಬರನ್ನೂ ಮರುಳಯ್ಯ ಕೆತ್ತಿ, ಬಣ್ಣ ಹಚ್ಚಿ, ಗಾಳಿಗೆ ಬೀಳದಂತೆ ಕಾಲಡಿ ಸೀಸದ ತುಂಡು ಕೂರಿಸಿದ್ದರು.

"ಇವರನ್ನೂ ಒಳಗೆ ತನ್ನಿ ಮೇಷ್ಟ್ರೇ. ಮಂಜಿಗೆ ಬಣ್ಣ ಬಿರುಕು ಬಿಡುತ್ತೆ," ಎಂದರು ದೇವೀರಮ್ಮ.

ಮೇಷ್ಟ್ರು ನೋಟ್‌ಬುಕ್ಕು ತೆರೆದು ನೋಡಿದರು.

"ಪ್ರಯಾಣಿಕರ ವಿಷಯ ಗುರುಗಳು ಹೇಳಿಲ್ಲ."

"ಹಲ್ಲುನೋವಲ್ಲಿ ಮರೆತಿರ್ತಾರೆ."

"ಗುರುಗಳು ಮರೆಯೋದಿಲ್ಲ, ದೇವೀರಮ್ಮ."

ಮೂರನೆಯ ದಿನ ಬೆಳಗಿನ ಜಾವವೇ ಮೇಷ್ಟ್ರು ಎದ್ದರು. ಹುಲ್ಲು ಬೆಳ್ಳಗಿತ್ತು. ಎಣ್ಣೆ ಹಾಕಿದ ಕಡೆಯೂ ಬೆಳ್ಳಗಿತ್ತು. ಮಂಜಿರಬೇಕು ಎಂದುಕೊಂಡರು. ಬೆರಳಿಟ್ಟು ನೋಡಿದರೆ, ತೆಂಗಿನೆಣ್ಣೆ ಬೆಣ್ಣೆಯ ಹಾಗೆ ಗಟ್ಟಿಯಾಗಿ ಕೂತಿತ್ತು. ಅದನ್ನು ಆಮೇಲೆ ನೋಡಿದರಾಯಿತು ಎಂದು ಮುಂದೆ ಹೋದರು. ಆರನೆಯ ವಾಕ್ಯ ಬಾಕಿ ಇತ್ತು.

ಒಂದು ಹಳಿ ಮುಗಿದು ಇನ್ನೊಂದು ಶುರುವಾಗುವಲ್ಲಿ ಸಣ್ಣ ಸಂದು. ಹಾಗೆ ಎಂಬತ್ತೆರಡು ಇದ್ದವು. ಮೇಷ್ಟ್ರ ಹತ್ತಿರ ನೀರಿನ ಟ್ಯಾಂಕು ಸೋರಿದರೆ ಹಚ್ಚುವ ಅಂಟಿತ್ತು. ಒಣಗಿದರೆ ಕಲ್ಲಾಗುವಂಥದ್ದು. ಒಂದೊಂದು ಸಂದಿಗೂ ಅದನ್ನು ತುಂಬುತ್ತ ಹೊರಟರು.

ದೇವೀರಮ್ಮ ಹಾಲಿನ ಚೊಂಬು ಹಿಡಿದುಕೊಂಡು ಓಡಿಬಂದರು.

"ಏನು ಮಾಡ್ತಾ ಇದ್ದೀರಿ? ನನಗ್ಯಾಕೋ ಅನುಮಾನ ಮೇಷ್ಟ್ರೇ."

"ತರ್ಕದಲ್ಲಿ ಅನುಮಾನ ಅಂದರೆ ಕಂಡದ್ದರಿಂದ ಕಾಣದ್ದನ್ನು ತಿಳಿಯುವುದು. ಅದೂ ಒಂದು ಪ್ರಮಾಣವೇ. ನಾನೂ ಅನುಮಾನದಿಂದಲೇ ಈ ತೀರ್ಮಾನಕ್ಕೆ ಬಂದದ್ದು. ಹಿಂದಿನ ವಾಕ್ಯದಲ್ಲಿ ಗುರುಗಳು 'ಬಾಯಿ ಮುಚ್ಚಿ' ಅಂದರು. ಆದ್ದರಿಂದ ಇದು..."

"ಅದಲ್ಲ. ಆ ಸಂದನ್ನ ಅಯ್ಯ ಬೇಕು ಅಂತಲೇ..."

"ನನಗಾಗಿ ಉಳಿಸಿದ್ದಾರೆ. ಗೊತ್ತು."

ದೇವೀರಮ್ಮ ಬಾಯಿ ತೆರೆದರು. ಮುಚ್ಚಿದರು. ಒಳಗೆ ಹೋದರು.

ಎಂಟು ಗಂಟೆಗೆ ಎಂಬತ್ತೆರಡೂ ಮುಗಿದವು. ನೂರಿಪ್ಪತ್ತು ಹೆಜ್ಜೆ ಹಳಿ ಎಲ್ಲೂ ಕಡಿಯದೆ ಒಂದೇ ಆಗಿ ಹೊಳೆಯಿತು. ಮೇಷ್ಟ್ರ ಕಣ್ಣು ತುಂಬಿಬಂತು. ಅದ್ವೈತ ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದರು.

ಆ ಬೆಟ್ಟದಲ್ಲಿ ಬೆಳಿಗ್ಗೆ ಎಷ್ಟು ಚಳಿಯೋ ಮಧ್ಯಾಹ್ನ ಅಷ್ಟೇ ಬಿಸಿಲು.

ಹನ್ನೆರಡರ ಹೊತ್ತಿಗೆ ತೋಟದಿಂದ 'ಕಿರ್' ಎಂದು ಸದ್ದು ಬಂತು. ಮೇಷ್ಟ್ರು ಊಟದ ತಟ್ಟೆ ಬಿಟ್ಟು ಹೊರಗೆ ಬಂದರು.

ಹಳಿ ನೆಲದಿಂದ ಏಳುತ್ತಿತ್ತು. ಮೊದಲು ಗುಲಾಬಿ ಗಿಡದ ಹತ್ತಿರ ಹಾವಿನ ಹಾಗೆ ಬಳುಕಿತು. ಆಮೇಲೆ ಸುರಂಗದ ಹಲಗೆಯನ್ನು ಒದ್ದು ಕಿತ್ತಿತು. ಸೇತುವೆ ಒಂದು ಕಾಲೆತ್ತಿ ನಿಂತಿತು. ಮೇಷ್ಟ್ರು ಓಡಿಹೋಗಿ ಎರಡೂ ಕೈಯಲ್ಲಿ ಒತ್ತಿ ಹಿಡಿದರು. ಒತ್ತಿದ ಕಡೆ ತಗ್ಗಿತು, ಪಕ್ಕದಲ್ಲಿ ಎದ್ದಿತು. ಅಲ್ಲಿ ಒತ್ತಿದರೆ ಇಲ್ಲಿ ಎದ್ದಿತು. ಕೊನೆಗೆ ಹಳಿಯ ಮೇಲೆ ತಾವೇ ಕೂತರು.

'ಠಣ್' ಎಂದಿತು. ನಿಲ್ದಾಣ ಬುಡಸಮೇತ ವಾಲಿತು. ಗೌಡ, ತಾಯಿ, ಕೊಡೆಯ ಮುದುಕ, ಎಲ್ಲರೂ ಸಾಲಾಗಿ ಕೊಳಕ್ಕೆ ಬಿದ್ದರು.

ಮೇಷ್ಟ್ರು ಕೂತಲ್ಲೇ ಕೂತಿದ್ದರು. ಒಬ್ಬ ಮನುಷ್ಯ ಇಪ್ಪತ್ತು ವರ್ಷ ಕೂತು ಕಟ್ಟಿದ್ದನ್ನು ತಾನು ಮೂರು ದಿನದಲ್ಲಿ ಕೆಡವಿದೆ ಎಂದು ಅವರಿಗೆ ಆಗ ನಿಜವಾಗಿ ತಿಳಿಯಿತು. ಅದಕ್ಕೆ ಯಾವ ಭಾಷ್ಯವೂ ಬೇಕಾಗಲಿಲ್ಲ.

ಒಳಗೆ ಹೋಗಿ ಚೀಲ ತುಂಬಿಕೊಂಡರು. ನೋಟ್‌ಬುಕ್ಕನ್ನು ಒಲೆಯ ಪಕ್ಕ ಇಟ್ಟು, "ಸೌದೆ ಹಸಿಯಿದ್ದಾಗ ಉಪಯೋಗಿಸಿಕೊಳ್ಳಿ ದೇವೀರಮ್ಮ," ಎಂದರು. ಗುರುಗಳಿಗೆ ಮುಖ ತೋರಿಸಿ, ಬೈಸಿಕೊಂಡು, ಬಂದ ಬಸ್ಸಿಗೇ ಹೋಗುವುದು ಅಂತ ತೀರ್ಮಾನ.

ಎರಡು ಗಂಟೆಗೆ ಮರುಳಯ್ಯ ಬಂದರು. ಬಲಗೆನ್ನೆ ಬದನೆಕಾಯಿಯ ಹಾಗೆ ಊದಿತ್ತು.

ಮೇಷ್ಟ್ರು ಚೀಲ ಕೆಳಗಿಟ್ಟು ಕೈ ಮುಗಿದರು.

"ಗುರುಗಳೇ, ತಪ್ಪಾಯಿತು. ಸಂದು ಮುಚ್ಚಿ ಅಂದಿರಿ ಅಂತ ಮುಚ್ಚಿದೆ. ನೀವು ಹೇಳೋಕೆ ಹೊರಟದ್ದು ಬೇರೆ ಏನೋ ಇರಬೇಕು. ನಾನು ಕೇಳಿಸಿಕೊಳ್ಳಲಿಲ್ಲ."

ಮರುಳಯ್ಯ ಮಾತಾಡಲಿಲ್ಲ.

"ಬೈಯಿರಿ ಗುರುಗಳೇ."

ಮಾತಿಲ್ಲ.

"ಬೈಯೋಕೂ ಯೋಗ್ಯನಲ್ಲ ಅಂತಾನಾ?"

ಮರುಳಯ್ಯ ಎದ್ದುನಿಂತ ಸೇತುವೆಯನ್ನು ನೋಡಿದರು. ಬಳುಕಿದ ಹಳಿ ನೋಡಿದರು. ಬಿಸಿಲಿಗೆ ಕರಗಿ ಹರಿದಿದ್ದ ತೆಂಗಿನೆಣ್ಣೆಯನ್ನು ಬೆರಳಲ್ಲಿ ಮುಟ್ಟಿ ಮೂಸಿದರು. ಅವರ ಭುಜ ಎರಡು ಸಲ ಕುಲುಕಿತು. ತಕ್ಷಣ ಕೆನ್ನೆ ಹಿಡಿದುಕೊಂಡು ನೋವಿನಿಂದ ಕಣ್ಣು ಮುಚ್ಚಿದರು.

ಗುರುಗಳು ಅಳುತ್ತಿದ್ದಾರೆಂದು ಮೇಷ್ಟ್ರಿಗೆ ಅನ್ನಿಸಿತು.

ಮರುಳಯ್ಯ ಒಳಗಿಂದ ಎರಡು ಉಳಿ ತಂದರು. ಕೂರಲು ಏನಾದರೂ ಇದೆಯೇ ಎಂದು ಸುತ್ತ ನೋಡಿದರು. ಮೇಷ್ಟ್ರ ಚೀಲವನ್ನು ಹಳಿಯ ಪಕ್ಕಕ್ಕೆ ಎಳೆದು ಅದರ ಮೇಲೆ ಕೂತರು. ಒಂದು ಉಳಿಯನ್ನು ಮೇಷ್ಟ್ರ ಕಡೆ ಚಾಚಿದರು.

ಬಸ್ಸು ಹಾರ್ನ್ ಮಾಡಿತು. ಗುರುಗಳ ಕೆಳಗಿಂದ ಚೀಲ ಎಳೆದುಕೊಳ್ಳುವುದು ಹೇಗೆಂದು ಮೇಷ್ಟ್ರಿಗೆ ಗೊತ್ತಾಗಲಿಲ್ಲ. ಬಸ್ಸು ಹೋಯಿತು.

ಮೇಷ್ಟ್ರು ನೆಲದ ಮೇಲೆ ಕೂತು ಅಂಟು ಕೆರೆಯತೊಡಗಿದರು.

ಮೊದಲ ಸಂದು ಬಿಡಿಸಲು ಕಾಲು ಗಂಟೆ ಹಿಡಿಯಿತು. ಅಂಟು ಉದುರಿದ್ದೇ ತಡ, ಹಳಿ 'ಟಿಕ್' ಎಂದು ಒಂದಿಷ್ಟು ಕೆಳಗಿಳಿಯಿತು. ಯಾರೂ ಒತ್ತಲಿಲ್ಲ. ಕೈ ಪಳಗಿ ಎರಡನೆಯ ಸಂದು ಬೇಗ ಬಿಟ್ಟಿತು. ಮತ್ತೊಂದು 'ಟಿಕ್'.

ಉಳಿಯ ಸದ್ದು, ಹಳಿಯ ಸದ್ದು. ಮೂರು ಗಂಟೆ ಕಾಲ ಮೇಷ್ಟ್ರು ಏನನ್ನೂ ಕೇಳಲಿಲ್ಲ. ಅಂಥದ್ದು ಹತ್ತು ತಿಂಗಳಲ್ಲಿ ಮೊದಲ ಸಲ. ಬಹುಶಃ ನಲವತ್ತು ವರ್ಷದಲ್ಲಿ.

ದೇವೀರಮ್ಮ ಕಾಫಿ ತಂದರು.

"ಮೇಷ್ಟ್ರೇ, ನಾನು ಬೆಳಿಗ್ಗೆ..."

ಮೇಷ್ಟ್ರು ಉಳಿ ಕೆಳಗಿಟ್ಟು ಅವರ ಮುಖ ನೋಡಿದರು. ಕಾದರು.

ದೇವೀರಮ್ಮ ತಡವರಿಸಿದರು. "ಯಾಕೆ ಹಾಗೆ ನೋಡ್ತೀರಿ?"

"ಹೇಳಿ. ಕೇಳ್ತಾ ಇದ್ದೀನಿ."

"ಅಯ್ಯೋ, ನಿಮ್ಮ ಹತ್ತಿರ ಅರ್ಧ ಮಾತಾಡಿಯೇ ಅಭ್ಯಾಸ ನನಗೆ. ಉಳಿದರ್ಧ ಎಲ್ಲಿ ಹೋಯಿತೋ!" ಅವರು ಸೆರಗಿನಲ್ಲಿ ಮುಖ ಒರೆಸಿಕೊಂಡರು. "ಹಾಂ. ಅಯ್ಯ ಪ್ರತಿ ಸಂದಿಗೂ ಎರಡು ಪೋಸ್ಟ್‌ಕಾರ್ಡು ತೂರಿಸಿ, ಅಳತೆ ನೋಡಿ ಬಿಟ್ಟಿದ್ರು. ಬಿಸಿಲಿಗೆ ಕಬ್ಬಿಣ ಹಿಗ್ಗುತ್ತಲ್ಲ, ಅದಕ್ಕೆ ಜಾಗ ಬೇಕು ಅಂತ. ಸಂದು ಮುಟ್ಟಬೇಡಿ ಅಂತ ಪ್ರತಿ ವರ್ಷ ನನಗೂ ಹೇಳೋರು. ಅದನ್ನೇ ಹೇಳೋಕೆ ಬಂದಿದ್ದೆ."

"ಮುಟ್ಟಬೇಡಿ," ಎಂದು ಮೇಷ್ಟ್ರು ಮೆಲ್ಲಗೆ ಅಂದುಕೊಂಡರು.

ಅವರಿಗೆ ಊರಿನಲ್ಲಿದ್ದ ಹೆಂಡತಿಯ ನೆನಪಾಯಿತು. ಆಶ್ರಮಕ್ಕೆ ಹೊರಟ ದಿನ ಆಕೆ ಬಾಗಿಲಲ್ಲಿ ನಿಂತು, "ನೀವು ಹೋದ ಮೇಲೆ ನಾನು..." ಅಂದಿದ್ದಳು. "ಚೆನ್ನಾಗಿರ್ತೀಯ, ಬಿಡು," ಎಂದು ತಾವೇ ಮುಗಿಸಿ ಮೆಟ್ಟಿಲಿಳಿದಿದ್ದರು. ಆಕೆ ಏನು ಹೇಳಬೇಕೆಂದಿದ್ದಳೋ.

ಉಳಿ ಎತ್ತಿಕೊಂಡು ಮುಂದಿನ ಸಂದಿಗೆ ಸರಿದರು.

ಬೆಳಕು ಆರುವ ಹೊತ್ತಿಗೆ ಎಂಬತ್ತೆರಡೂ ಬಿಟ್ಟುಕೊಂಡವು. ಸೇತುವೆ ಕಾಲಿಳಿಸಿತು. ಮರುಳಯ್ಯ ಚೀಲದ ಮೇಲಿಂದ ಎದ್ದು, ಅದರ ಧೂಳು ಕೊಡವಿ, ಮೇಷ್ಟ್ರ ಕೋಣೆಯೊಳಗೆ ಇಟ್ಟು ಬಂದರು.

ಮಾರನೆಯ ಬೆಳಿಗ್ಗೆ ಮೇಷ್ಟ್ರು ದೇವೀರಮ್ಮನ ಫೋನು ಇಸಿದುಕೊಂಡು ತೋಟದ ಮೂಲೆಗೆ ಹೋದರು. ತುಂಬ ಹೊತ್ತು ಕಿವಿಗೆ ಹಿಡಿದುಕೊಂಡಿದ್ದರು. ಅವರ ಬಾಯಿಂದ ಬಂದದ್ದು "ಹೂಂ" ಒಂದೇ.

ಬಿಸಿಲೇರಿದ ಮೇಲೆ ತೆಂಗಿನೆಣ್ಣೆ ಒರೆಸಿ ಹೊಲಿಗೆ ಯಂತ್ರದ ಎಣ್ಣೆ ಹಾಕಿದರು. ಸುರಂಗದ ಹಲಗೆ ಸರಿಮಾಡಿದರು. ಪಂಚೆ ಎತ್ತಿ ಕಟ್ಟಿ ಕೊಳಕ್ಕಿಳಿದು, ಹಲ್ಲು ಕಟಕಟ ಎನ್ನುತ್ತಿದ್ದರೂ, ಕೆಸರಲ್ಲಿ ಕೈಯಾಡಿಸಿ ಮರದ ಪ್ರಯಾಣಿಕರನ್ನು ಒಬ್ಬೊಬ್ಬರಾಗಿ ಎತ್ತಿದರು. ಒರೆಸಿ, ಕಟ್ಟೆಯ ಮೇಲೆ ಬಿಸಿಲಿಗೆ ಸಾಲಾಗಿ ನಿಲ್ಲಿಸಿದರು.

ಮರುಳಯ್ಯ ಹೊರಗೆ ಬಂದರು. ಕೆನ್ನೆಯ ಊತ ಇಳಿದಿತ್ತು.

"ಗುರುಗಳೇ," ಎಂದರು ಮೇಷ್ಟ್ರು, ನೀರು ಸೋರುತ್ತ. "ನಿನ್ನೆ ನಿಮ್ಮ ಮೌನದಿಂದ ಕಲಿತಷ್ಟನ್ನು ನಾನು ಯಾವ ಗ್ರಂಥದಿಂದಲೂ ಕಲಿತಿರಲಿಲ್ಲ."

"ಮೌನ ಅಲ್ಲ ಮೇಷ್ಟ್ರೇ. ಹತ್ತಿ. ಹಲ್ಲು ಕಿತ್ತ ಜಾಗಕ್ಕೆ ಡಾಕ್ಟ್ರು ಉಂಡೆಗಟ್ಟಲೆ ತುರುಕಿದ್ರು."

ಮೇಷ್ಟ್ರು ಪಂಚೆಯ ತುದಿ ಹಿಂಡಿದರು. "ಹಾಗಾದರೆ ನಿನ್ನೆ ನೀವು ಅತ್ತದ್ದು?"

"ತೆಂಗಿನೆಣ್ಣೆ ನೋಡಿ ನಗು ಬಂತು. ನಕ್ಕರೆ ನೋವಾಯಿತು."

ಮೇಷ್ಟ್ರಿಗೂ ನಗು ಬಂತು. ಬಹಳ ಹೊತ್ತು ನಿಲ್ಲಲೇ ಇಲ್ಲ.

ಆಮೇಲೆ ಅವರು ಪ್ರಯಾಣಿಕರನ್ನು ಎಣಿಸಿದರು. ಇನ್ನೊಮ್ಮೆ ಎಣಿಸಿದರು. ಮತ್ತೆ ಕೊಳಕ್ಕಿಳಿದು ಹುಡುಕಿದರು. ಮುಖ ಬಾಡಿಸಿಕೊಂಡು ಮೇಲೆ ಬಂದರು.

"ಗುರುಗಳೇ, ಹದಿನೇಳು ಜನರಲ್ಲಿ ಹದಿನಾರೇ ಸಿಕ್ಕಿದರು. ಕೊಡೆ ಹಿಡಿದ ಮುದುಕ ಎಲ್ಲೂ ಇಲ್ಲ."

ಮರುಳಯ್ಯ ಕಟ್ಟೆಯ ಮೇಲಿನ ಸಾಲನ್ನು ನೋಡಿದರು. ಅಲ್ಲಾಡದೆ ನಿಂತಿದ್ದ ಕೊಳದ ನೀರನ್ನು ನೋಡಿದರು.

"ಇಳಿದಿರಬೇಕು ಮೇಷ್ಟ್ರೇ. ಅವನ ಊರು ಬಂತೇನೋ."