ಗದಿಗೆಪ್ಪನ ಹಲ್ಲಿನ ಸೆಟ್ಟು

ಶಿಷ್ಯ ಕೇಳಿದ: “ಗುರುಗಳೇ, ನನ್ನ ಮೊದಲ ಗುರುಗಳು ನನಗೊಂದು ನಿತ್ಯಪಾಠ ಹಾಕಿಕೊಟ್ಟಿದ್ದರು. ಹದಿನೆಂಟು ವರ್ಷ ನಡೆಸಿಕೊಂಡು ಬಂದೆ. ಈಗ ಅದು ನಾಲಗೆಯ ಮೇಲೆ ಓಡುತ್ತದೆ, ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಅವರು ತೀರಿಕೊಂಡು ಬಹಳ ದಿನವಾಯಿತು. ಪಾಠವನ್ನು ತಿದ್ದಿಕೊಳ್ಳಲೇ? ಬಿಟ್ಟು ಬೇರೆಯದನ್ನು ಹಿಡಿಯಲೇ? ಏನು ಮಾಡಿದರೂ ಅವರಿಗೆ ದ್ರೋಹ ಮಾಡಿದಂತೆ ಅನಿಸುತ್ತದೆ.”

ಗುರುಗಳು ಅವನನ್ನು ಕೂರಿಸಿಕೊಂಡು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಗದಿಗೆಪ್ಪ ಎಂಬ ಕಾಳಿನ ವ್ಯಾಪಾರಿ ಇದ್ದ. ಐವತ್ತೈದು ದಾಟುವ ಹೊತ್ತಿಗೆ ಅವನ ಹಲ್ಲುಗಳೆಲ್ಲ ಹೋದವು. ಅದೇ ಊರಿನ ಹಲ್ಲಿನ ಡಾಕ್ಟರು ವಾಮನರಾಯರು ಅವನ ಗೆಳೆಯರು. ಶಾಲೆಯಲ್ಲಿ ಒಂದೇ ಬೆಂಚಿನ ಮೇಲೆ ಕೂತವರು. ರಾಯರು ತಾವೇ ಮುತುವರ್ಜಿಯಿಂದ ಅವನಿಗೆ ಮೇಲಿನದೂ ಕೆಳಗಿನದೂ ಹಲ್ಲು ಕಟ್ಟಿಕೊಟ್ಟರು. ಹಾಕಿ ತೆಗೆದು, ಉಜ್ಜಿ, ಮತ್ತೆ ಹಾಕಿ ನೋಡಿದರು. ಗದಿಗೆಪ್ಪ ಮೊದಲಿನಂತೆ ರೊಟ್ಟಿ ತಿಂದ. ಅಂಗಡಿಗೆ ಬಂದ ಜೋಳವನ್ನು ಕಚ್ಚಿ ನೋಡಿ, ಒಣಗಿದೆಯೋ ಇಲ್ಲವೋ ಹೇಳಿದ. ರೈತರು ಅವನ ಮಾತನ್ನು ಒಪ್ಪುತ್ತಿದ್ದರು.

ಮೂರ್ನಾಲ್ಕು ವರ್ಷಗಳ ಮೇಲೆ ರಾಯರು ಎದೆನೋವು ಬಂದು ತೀರಿಕೊಂಡರು. ಅವರ ಮಗಳು ವೈಜಯಂತಿ ಹಲ್ಲಿನ ವೈದ್ಯವನ್ನೇ ಓದಿದ್ದಳು. ತಂದೆಯ ದವಾಖಾನೆಯಲ್ಲಿ ಅವಳು ಕೂರತೊಡಗಿದಳು.

ಅಷ್ಟರಲ್ಲಿ ಗದಿಗೆಪ್ಪನ ಹಲ್ಲಿನ ಸೆಟ್ಟು ಸಡಿಲವಾಗತೊಡಗಿತ್ತು. ಮೊದಲು ಜೋರಾಗಿ ನಕ್ಕಾಗ ಅಲುಗಿತು. ಆಮೇಲೆ ಮಾತಾಡುವಾಗ ಟಕಟಕ ಸದ್ದಾಯಿತು. ಒಸಡು ಹುಣ್ಣಾಯಿತು. ದವಾಖಾನೆಯ ಬಾಗಿಲಿನವರೆಗೆ ಅವನು ಎರಡು ಸಲ ಹೋಗಿ ತಿರುಗಿ ಬಂದ. ‘ನಿನ್ನ ಅಪ್ಪ ಮಾಡಿದ್ದು ಕೆಟ್ಟಿದೆ ಎಂದು ಆ ಹುಡುಗಿಯ ಮುಂದೆ ಹೇಗೆ ಹೇಳಲಿ?’ ಎಂದು ಅವನಿಗೆ ಸಂಕೋಚ. ಹೊಸದು ಕಟ್ಟಿಸಿದರೆ ಗೆಳೆಯ ಕೊಟ್ಟದ್ದನ್ನು ಎಸೆದಂತೆ ಎಂಬ ಅಳುಕು ಬೇರೆ. ಒಂದು ದಿನ ಬಾಯಿ ತೊಳೆಯುವಾಗ ಕೆಳಗಿನದು ಕೈಜಾರಿ ಬಿದ್ದು ಎರಡು ತುಂಡಾಯಿತು. ಚಪ್ಪಲಿ ಅಂಟಿಸುವ ಅಂಟು ತಂದು ತಾನೇ ಅಂಟಿಸಿಕೊಂಡ. ಅದು ಮತ್ತೆ ಬಿಟ್ಟುಕೊಂಡಿತು. ಮತ್ತೆ ಅಂಟಿಸಿದ.

ಅವನು ಮಾತು ಕಡಿಮೆ ಮಾಡಿದ. ಕಾಳು ಕಚ್ಚಿ ನೋಡುವುದನ್ನು ಬಿಟ್ಟ. ಮನೆಯಲ್ಲಿ ತಾಟು ಹಿಡಿದುಕೊಂಡು ಒಳಕೋಣೆಗೆ ಹೋಗಿ ಗೋಡೆಯ ಕಡೆ ಮುಖಮಾಡಿ ಗಂಜಿ ಕುಡಿದು ಏಳುತ್ತಿದ್ದ. ಹೆಂಡತಿ ಶಾಂತವ್ವ ಏನೆಂದು ಕೇಳಿದರೆ “ಹಸಿವಿಲ್ಲ” ಎನ್ನುತ್ತಿದ್ದ. ಅವಳು ಕೇಳುವುದನ್ನೂ ಬಿಟ್ಟಳು.

ಗದಿಗೆಪ್ಪನ ತಮ್ಮ ಮೊದಲೇ ತೀರಿಕೊಂಡಿದ್ದ. ತಮ್ಮನ ಮಗಳು ಪಾರ್ವತಿಯನ್ನು ನೋಡಲು ಗಂಡಿನವರು ಬಂದರು. ಹಿರಿಯನಾಗಿ ಗದಿಗೆಪ್ಪನೇ ಮಾತಾಡಬೇಕಿತ್ತು. ಅವನು ಬಾಯಿಗೆ ವಸ್ತ್ರ ಒತ್ತಿಕೊಂಡು ತಲೆ ತಗ್ಗಿಸಿ ಕೂತ. ಕೇಳಿದ್ದಕ್ಕೆಲ್ಲ ಬರೀ ತಲೆಯಾಡಿಸಿದ. ಎಲೆ ಹಾಕಿದಾಗ ಎರಡು ತುತ್ತು ತಿಂದು ಎದ್ದುಬಿಟ್ಟ. ಮರುದಿನ ಗಂಡಿನ ಕಡೆಯಿಂದ ಮಾತು ಬಂತು: ‘ಹಿರಿಯರಿಗೆ ನಮ್ಮ ಸಂಬಂಧ ಮನಸ್ಸಿಗೆ ಬಂದಂತಿಲ್ಲ. ಇಷ್ಟವಿಲ್ಲದ ಮನೆಯ ಹೆಣ್ಣು ನಮಗೆ ಬೇಡ.’

ಪಾರ್ವತಿ ಅಳುತ್ತಾ ಅಡುಗೆಮನೆ ಸೇರಿದಳು. ಶಾಂತವ್ವ ಗಂಡನ ಮುಂದೆ ಬಂದು ನಿಂತಳು. “ಮೂರು ವರ್ಷದಿಂದ ನನ್ನ ಮೇಲೆ ಅದೇನು ಸಿಟ್ಟೋ, ನಾನು ಸಹಿಸಿದೆ. ಆ ಹುಡುಗಿ ನಿಮಗೇನು ಮಾಡಿದ್ದಳು?” ಎಂದಳು.

ಗದಿಗೆಪ್ಪನಿಗೆ ತಡೆಯಲಾಗಲಿಲ್ಲ. ಕೆಳಗಿನ ಸೆಟ್ಟನ್ನು ತೆಗೆದು ಅಂಗೈ ಮೇಲಿಟ್ಟು ತೋರಿಸಿದ. ಶಾಂತವ್ವ ಅದನ್ನು ನೋಡಿದಳು, ಅವನ ಒಸಡಿನ ಹುಣ್ಣು ನೋಡಿದಳು. ಸೆರಗು ಸರಿಮಾಡಿಕೊಂಡು ಅವನ ಕೈಹಿಡಿದು ದವಾಖಾನೆಗೆ ಹೊರಟಳು.

ವೈಜಯಂತಿಯ ಮುಂದೆ ಗದಿಗೆಪ್ಪ ಸೆಟ್ಟು ಇಟ್ಟು ತಲೆ ತಗ್ಗಿಸಿದ. “ಅವ್ವಾ, ನಿಮ್ಮಪ್ಪನ ಕೆಲಸದಲ್ಲಿ ತಪ್ಪೇನೂ ಇಲ್ಲ. ನಾನೇ ಬೀಳಿಸಿದೆ. ಹೇಗಾದರೂ ಇದನ್ನೇ ಸರಿಮಾಡಿಕೊಡು” ಎಂದ.

ಅವಳು ಅವನ ಬಾಯನ್ನು ಬಹಳ ಹೊತ್ತು ನೋಡಿದಳು. ಬಳಿಕ ಕಪಾಟಿನಿಂದ ತಂದೆಯ ಕಾಲದ ಒಂದು ಚೀಟಿ ಹುಡುಕಿ ತೆಗೆದಳು. ಅದರಲ್ಲಿ ಗದಿಗೆಪ್ಪನ ಹೆಸರಿನ ಕೆಳಗೆ ರಾಯರು ಬರೆದಿದ್ದರು: ‘ಐದು ವರ್ಷಕ್ಕೆ ಕರೆಸಬೇಕು. ಒಸಡು ಇಳಿದಿರುತ್ತದೆ. ಸಂಕೋಚದ ಮನುಷ್ಯ, ತಾನಾಗಿ ಬರುವುದಿಲ್ಲ.’

“ಕಾಕಾ, ಇದು ಯಾರ ತಪ್ಪೂ ಅಲ್ಲ” ಎಂದಳು ವೈಜಯಂತಿ. “ಹಲ್ಲು ಹೋದ ಮೇಲೆ ದವಡೆ ವರ್ಷವರ್ಷವೂ ಸವೆಯುತ್ತದೆ. ಅಪ್ಪ ಕಟ್ಟಿದ್ದು ಅಂದಿನ ಬಾಯಿಗೆ. ಮೇಲಿನದು ಗಟ್ಟಿಯಾಗಿದೆ, ಒಳಗಡೆ ಹೊಸ ಪದರ ಕೊಟ್ಟರೆ ಕೂರುತ್ತದೆ. ಕೆಳಗಿನದನ್ನು ಮಾತ್ರ ಉಳಿಸಲಾಗುವುದಿಲ್ಲ. ಹೊಸದು ಕಟ್ಟುತ್ತೇನೆ. ಮತ್ತೆ ಅಂಟು ಗಿಂಟು ಹಚ್ಚಬೇಡಿ.”

ಗದಿಗೆಪ್ಪ ಆ ಚೀಟಿಯನ್ನು ಇನ್ನೊಮ್ಮೆ ಓದಿದ. ಅವನ ಕಣ್ಣು ತುಂಬಿತು. ಆದರೆ ಎದೆಯ ಮೇಲಿದ್ದ ಭಾರ ಇಳಿದಿತ್ತು. ಗೆಳೆಯನಿಗೆ ಎಲ್ಲ ಮೊದಲೇ ಗೊತ್ತಿತ್ತು.

ಹದಿನೈದು ದಿನ ಅವನು ಹುಣ್ಣು ಮಾಯಲು ಬಿಟ್ಟು, ಹೇಳಿದಾಗಲೆಲ್ಲ ಹೋಗಿ ಅಳತೆ ಕೊಟ್ಟ. ಹಲ್ಲು ಕೂತ ದಿನ ಶಾಂತವ್ವನನ್ನೂ ಕರೆದುಕೊಂಡು ನೇರವಾಗಿ ಗಂಡಿನವರ ಮನೆಗೆ ಹೋದ. “ನನಗೆ ನಿಮ್ಮ ಹುಡುಗ ಅಂದೇ ಹಿಡಿಸಿದ್ದ. ಹೇಳಲು ಬಾಯಲ್ಲಿ ಹಲ್ಲು ನಿಲ್ಲುತ್ತಿರಲಿಲ್ಲ” ಎಂದ. ಹುಡುಗನ ತಂದೆ ನಕ್ಕುಬಿಟ್ಟರು. ಅವರದೂ ಮೇಲಿನ ಹಲ್ಲು ಕಟ್ಟಿಸಿದ್ದೇ. ಅಂದೇ ಮದುವೆಯ ಮಾತು ಕುದುರಿತು.

ಮನೆಗೆ ಬಂದು ಗದಿಗೆಪ್ಪ ಒಳಕೋಣೆಗೆ ಹೋಗಲಿಲ್ಲ. ಒಲೆಯ ಮುಂದೆ ಮಣೆ ಹಾಕಿಕೊಂಡು ಕೂತು, ಒಣಗಿ ಗಟ್ಟಿಯಾದ ಕಟಿರೊಟ್ಟಿಗೆ ಶೇಂಗಾ ಚಟ್ನಿ ಹಾಕಿಸಿಕೊಂಡು ತಿಂದ. ಶಾಂತವ್ವ ಎದುರಿಗೆ ಕೂತು ನೋಡಿದಳು. “ಇನ್ನೊಂದು ಹಾಕು” ಎಂದ. ಅವಳು ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಂಡು ಇನ್ನೊಂದು ಹಾಕಿದಳು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ, “ಆದರೂ ಗುರುಗಳೇ, ಕೊಟ್ಟವರು ಬದುಕಿದ್ದರೆ ಅವರಿಗೆ ನೋವಾಗುತ್ತಿರಲಿಲ್ಲವೇ?” ಎಂದು ಕೇಳಿದ.

“ಕೊಟ್ಟವರು ನಿನ್ನ ಹಸಿವು ನೋಡಿ ಕೊಟ್ಟರು ಮಗೂ, ತಮ್ಮ ಗುರುತು ಉಳಿಯಲಿ ಎಂದಲ್ಲ” ಎಂದರು ಗುರುಗಳು.

ಶಿಷ್ಯ ತನ್ನ ನಿತ್ಯಪಾಠವನ್ನು ತಿದ್ದಿಸಿಕೊಳ್ಳಲು ಮೊದಲಿನಿಂದ ಗುರುಗಳಿಗೆ ಹೇಳಿ ಒಪ್ಪಿಸಿದ.