ಸ್ಪ್ರಿಂಗನ್ನು ಒಳಗೆ ಮಲಗಿಸಿದವಳು

"ಗುರುಗಳೇ, ಯಾರ ಮಾತೂ ತಾಗದ ಹಾಗೆ ಮನಸ್ಸನ್ನು ಗಟ್ಟಿ ಮಾಡಿಕೊಳ್ಳುವುದು ಹೇಗೆ?" ಎಂದು ಶಿಷ್ಯೆ ಅನಸೂಯೆ ಕೇಳಿದಳು.

ಆಕೆ ಆಶ್ರಮದ ಅಡುಗೆಮನೆ ನೋಡಿಕೊಳ್ಳುತ್ತಿದ್ದಳು. ಸಾರಿಗೆ ಉಪ್ಪು ಕಡಿಮೆಯಾಯಿತು ಎಂದು ಯಾರಾದರೂ ಅಂದರೆ ಸಾಕು, ಆ ದಿನವಿಡೀ ಪಾತ್ರೆಗಳು ಜೋರಾಗಿ ಸದ್ದು ಮಾಡುತ್ತಿದ್ದವು.

ಗುರುಗಳು ನಕ್ಕು ಈ ಕತೆ ಹೇಳಿದರು.

ರೇಸ್ ಕಾರು ಓಡಿಸುವವನೊಬ್ಬನಿದ್ದ. ಅವನ ಕಾರನ್ನು ಕಟ್ಟಿದವಳು ಒಬ್ಬ ಮೆಕ್ಯಾನಿಕ್. ಓಟದ ಹಾದಿಯಲ್ಲಿ ಉಬ್ಬುತಗ್ಗಿನ ತಿರುವೊಂದಿತ್ತು. ಅಲ್ಲಿಗೆ ಬಂದಾಗಲೆಲ್ಲ ಚಕ್ರ ನೆಲ ಬಿಟ್ಟು ಹಾರುತ್ತಿತ್ತು, ಕಾರು ಗಿರಕಿ ಹೊಡೆದು ಹುಲ್ಲಿಗೆ ಇಳಿಯುತ್ತಿತ್ತು. ಬರಬರುತ್ತಾ ತಿರುವು ಕಾಣುವ ಮೊದಲೇ ಅವನ ಕಾಲು ಬ್ರೇಕಿನ ಮೇಲೆ ಹೋಗತೊಡಗಿತು. ಮುಂದಿನ ಓಟದಲ್ಲೂ ಹೀಗೇ ಆದರೆ ಕಾರನ್ನು ಬೇರೆಯವನಿಗೆ ಕೊಡುವುದಾಗಿ ತಂಡದ ಯಜಮಾನ ಹೇಳಿಬಿಟ್ಟ.

ಓಟಗಾರ ಮೆಕ್ಯಾನಿಕ್ ಬಳಿ ಬಂದು, "ಅಕ್ಕಾ, ಸ್ಪ್ರಿಂಗನ್ನು ಇನ್ನೂ ಗಟ್ಟಿ ಮಾಡು. ಅಲ್ಲಿ ಉಬ್ಬು ಇದೆ ಅಂತ ನನಗೆ ಗೊತ್ತೇ ಆಗಬಾರದು" ಎಂದ.

ಅವಳು ಗಟ್ಟಿ ಮಾಡಿದಳು. ಚಕ್ರ ಇನ್ನೂ ಎತ್ತರಕ್ಕೆ ಹಾರಿತು. ಮೆತ್ತಗೆ ಮಾಡಿದಳು. ಕಾರು ತಿರುವಿನಲ್ಲಿ ಒಂದು ಕಡೆಗೆ ವಾಲಿ, ಅದರ ಹೊಟ್ಟೆ ನೆಲಕ್ಕೆ ಉಜ್ಜಿತು.

ಆಮೇಲೆ ಅವಳು ಕೆಲಸ ನಿಲ್ಲಿಸಿ ಚಕ್ರದ ಎದುರು ಕುಳಿತು ನೋಡಿದಳು. ಸ್ಪ್ರಿಂಗ್ ಚಕ್ರದ ಮಗ್ಗುಲಲ್ಲೇ ನಿಂತಿತ್ತು. ಪೆಟ್ಟು ಬಿದ್ದ ಜಾಗದಲ್ಲೇ ಅದು ಪೆಟ್ಟನ್ನು ತಡೆಯಬೇಕು. ಅಲ್ಲಿ ಇಕ್ಕಟ್ಟು, ಎದುರುಗಾಳಿ. ಸಾಲದ್ದಕ್ಕೆ, ಸ್ಪ್ರಿಂಗಿನ ಭಾರವನ್ನೂ ಅಷ್ಟಿಷ್ಟು ಹೊತ್ತುಕೊಂಡೇ ಚಕ್ರ ಏಳಬೇಕು, ಇಳಿಯಬೇಕು.

ಅವಳು ಸ್ಪ್ರಿಂಗುಗಳನ್ನು ಬಿಚ್ಚಿ, ಕಾರಿನ ಮೈಯೊಳಗೆ ಅಡ್ಡಲಾಗಿ ಮಲಗಿಸಿದಳು. ಚಕ್ರದ ತೋಳಿನಿಂದ ತೆಳುವಾದ ಸರಳೊಂದನ್ನು ಓರೆಯಾಗಿ ಒಳಕ್ಕೆ ತಂದಳು. ಪುಶ್‌ರಾಡ್ ಎನ್ನುವುದು ಅದಕ್ಕೇ. ಸರಳಿನ ತುದಿಗೆ, ಒಂದು ಮೊಳೆಯ ಮೇಲೆ ತಿರುಗುವ, ಮೂರು ಮೂಲೆಯ ಲೋಹದ ತುಂಡನ್ನು ಜೋಡಿಸಿದಳು. ಚಕ್ರ ಎದ್ದರೆ ಸರಳು ತಳ್ಳುತ್ತದೆ, ತುಂಡು ತಿರುಗುತ್ತದೆ, ಒಳಗಿನ ಸ್ಪ್ರಿಂಗ್ ಅದುಮಿಕೊಳ್ಳುತ್ತದೆ. ಎಷ್ಟು ಅದುಮಬೇಕೆಂಬುದನ್ನು ಆ ತುಂಡಿನ ಆಕಾರದಲ್ಲೇ ಅವಳು ನಿರ್ಧರಿಸಿದ್ದಳು.

ಬೆಳಿಗ್ಗೆ ಬಂದ ಓಟಗಾರ ಚಕ್ರದ ಬದಿಯನ್ನು ನೋಡಿ ಗಾಬರಿಯಾದ. ಅಲ್ಲಿ ಸಣಕಲು ಸರಳುಗಳನ್ನು ಬಿಟ್ಟರೆ ಏನೂ ಇರಲಿಲ್ಲ.

"ಸ್ಪ್ರಿಂಗ್ ಎಲ್ಲಿ ಹೋಯಿತು?"

"ಒಳಗಿದೆ. ಒಂದು ಸುತ್ತು ಹೋಗಿ ಬಾ."

ಅವನು ಹೆದರುತ್ತಲೇ ಹೋದ. ತಿರುವಿನಲ್ಲಿ ಬ್ರೇಕ್ ಒತ್ತಿದ. ಕಾರು ನೆಲ ಕಚ್ಚಿಕೊಂಡು ತಿರುಗಿತು. ಮುಂದಿನ ಸುತ್ತಿನಲ್ಲಿ ಕಾಲನ್ನು ಬ್ರೇಕಿನ ಹತ್ತಿರಕ್ಕೆ ಒಯ್ದು, ಒತ್ತದೆ ಬಿಟ್ಟ. ಆಮೇಲೆ ಕಾಲು ಆ ಕಡೆಗೆ ಹೋಗಲೇ ಇಲ್ಲ. ಅವಳು ಸಾಕು ಬಾ ಎಂದು ಕೈಬೀಸಿ ಕರೆದರೆ, ಅವನೂ ಕೈಬೀಸಿ ಇನ್ನೊಂದು ಸುತ್ತಿಗೆ ಹೋದ. ಪೆಟ್ರೋಲ್ ಮುಗಿದು ಕಾರು ನಿಂತ ಮೇಲೆಯೇ ಅವನ ಸುತ್ತು ಮುಗಿದದ್ದು. ಮೆಕ್ಯಾನಿಕ್ಕೂ ಯಜಮಾನನೂ ಸೇರಿ ಕಾರನ್ನು ತಳ್ಳಿಕೊಂಡು ಬಂದರು. ಅವನು ಒಳಗೆ ಕುಳಿತು ಹಾಡುತ್ತಾ ಸ್ಟೀರಿಂಗ್ ತಿರುಗಿಸುತ್ತಿದ್ದ.

ಓಟದ ದಿನ ಅವನು ಮೂರನೆಯವನಾಗಿ ಬಂದ. ಗೆದ್ದವನಿಗಿಂತ ಹೆಚ್ಚು ಕುಣಿದವನು ಅವನೇ. ಮೆಕ್ಯಾನಿಕ್ಕನ್ನೂ ಎಳೆದುಕೊಂಡು ಕುಣಿಸಿದ.

ಗುರುಗಳು ಕತೆ ನಿಲ್ಲಿಸಿದರು. ಅನಸೂಯೆಯೂ ನಗುತ್ತಿದ್ದಳು.

"ಹಾಗಾದರೆ, ಆಮೇಲೆ ಆ ಚಕ್ರಕ್ಕೆ ಉಬ್ಬು ತಾಗಲೇ ಇಲ್ಲವೇ ಗುರುಗಳೇ?" ಎಂದು ಕೇಳಿದಳು.

"ಒಂದೊಂದು ಕಲ್ಲೂ ತಾಗಿತು ಮಗಳೇ, ಒಳಗೆ ಅದಕ್ಕೆ ಜಾಗವಿತ್ತು, ಅಷ್ಟೇ."