ಅತ್ತೆಯ ಕೈಗೊಂದು ಕೋವಿ

“ಮೂರನೆಯ ಸಲ ಕೇಳುತ್ತಿದ್ದೇನೆ ಬುದ್ಧಿ. ನಾನು ಬಾಯಿ ತೆರೆದಾಗಲೆಲ್ಲ ಯಾರಾದರೂ ಬಂದು ನಡುವೆ ನುಗ್ಗುತ್ತಾರೆ. ಒಬ್ಬನಿಗೆ ತಾಯಿತ ಬೇಕು, ಒಬ್ಬಳಿಗೆ ಮಗುವಿನ ಹೆಸರು ಬೇಕು, ಈಗ ಇವನ ಎಮ್ಮೆ ಹಾಲು ಕೊಡುತ್ತಿಲ್ಲವಂತೆ. ಎಮ್ಮೆಯ ಮಾತು ಮುಗಿದಿದ್ದರೆ ನನ್ನದನ್ನೂ ಕೇಳಿಸಿಕೊಳ್ಳಿ,” ಎಂದಳು ಚಿಕ್ಕತಾಯಮ್ಮ.

ಎಮ್ಮೆಯವನು ಕೈಮುಗಿದು ಜಾಗ ಖಾಲಿ ಮಾಡಿದ. ಮಠದ ಜಗಲಿಯ ಮೇಲೆ ಕುಳಿತಿದ್ದ ಗುರು ನಕ್ಕರು.

“ಹೇಳು ತಾಯಿ.”

“ಕೈಯಲ್ಲಿ ಬಲವಿಲ್ಲದ ಮುದುಕಿಗೆ ಎಂಥ ಕೋವಿ ಕೊಡಿಸಬೇಕು?”

ಚಿಕ್ಕತಾಯಮ್ಮನ ಹೊಲ ಕಾಡಿನ ಅಂಚಿನಲ್ಲಿತ್ತು. ಹೊತ್ತು ಇಳಿಯಿತೆಂದರೆ ಹಂದಿಗಳು ಮುಸುಕಿನ ಜೋಳಕ್ಕೆ ನುಗ್ಗುತ್ತಿದ್ದವು. ಅಟ್ಟಣೆಯ ಮೇಲೆ ಕುಳಿತು ಹೊಲ ಕಾಯುವವಳು ಅವಳ ಅತ್ತೆ. ಅತ್ತೆಗೆ ಎಪ್ಪತ್ತೆರಡು ವರ್ಷ. ಲೈಸೆನ್ಸು ಅವಳ ಹೆಸರಿನಲ್ಲಿಯೇ ಇತ್ತು. ಮಾವನ ಕಾಲದ ಕೋವಿ ಕೆಟ್ಟುಹೋಗಿತ್ತು. ಚಿಕ್ಕತಾಯಮ್ಮನ ಗಂಡ ಮಾರನೆಯ ದಿನ ಮೈಸೂರಿಗೆ ಹೋಗಿ ಹೊಸದನ್ನು ತರುವವನಿದ್ದ.

“ಅತ್ತೆಯ ಮಣಿಕಟ್ಟು ಬೀಗಿದೆ. ಬಲಗೈ ಭುಜಕ್ಕಿಂತ ಮೇಲೆ ಏಳುವುದಿಲ್ಲ. ಬೆರಳು ಮಡಿಸಲು ಒಂದು ಗಳಿಗೆ ಬೇಕು. ಇದನ್ನೆಲ್ಲ ಹೇಳಿದರೆ ಅಂಗಡಿಯವನು ಹಗುರದ್ದು ಒಯ್ಯಿರಿ ಎನ್ನುತ್ತಾನೆ. ಮಿಲಿಟರಿಯಿಂದ ಬಂದ ಮೈದುನ ಭಾರದ್ದೇ ಸರಿ ಎನ್ನುತ್ತಾನೆ. ನನ್ನ ಗಂಡ, ನೀನು ಹೇಳಿದ್ದನ್ನು ತರುತ್ತೇನೆ ಎನ್ನುತ್ತಾನೆ. ನಾನೇನು ಕೋವಿಯ ಜೊತೆ ಹುಟ್ಟಿ ಬಂದವಳೇ?”

ಗುರು ಒಂದು ಕತೆ ಹೇಳಿದರು.

ಒಬ್ಬ ರೈತನಿದ್ದ. ಅವನ ತಾಯಿ ಹೊಲ ಕಾಯುತ್ತಿದ್ದಳು. ಅವಳ ಕೋವಿ ಉದ್ದವಾಗಿತ್ತು, ಭಾರವಾಗಿತ್ತು. ಅವಳು ಎತ್ತಿದರೆ ಅದರ ನಳಿಕೆ ನೆಲ ನೋಡುತ್ತಿತ್ತು. ರೈತ ಕೋವಿ ಮಾಡುವ ಕಮ್ಮಾರನ ಬಳಿಗೆ ಹೋಗಿ, ಹಗುರವಾದದ್ದನ್ನು ಕೊಡು ಎಂದ. ಕಮ್ಮಾರ ಕೊಟ್ಟ.

ತಾಯಿ ಹಗುರ ಕೋವಿಯನ್ನು ಸಲೀಸಾಗಿ ಎತ್ತಿದಳು. ಹಾರಿಸಿದಳು. ಕೋವಿ ಹಿಂದಕ್ಕೆ ಒದೆಯಿತು. ಅವಳು ಅಂಗಾತ ಬಿದ್ದಳು. ಭುಜ ನೀಲಿಗಟ್ಟಿತು. ರೈತ ಕಮ್ಮಾರನ ಮೇಲೆ ರೇಗಿದ. ಒದೆತವನ್ನು ನುಂಗಲು ಕೋವಿಗೂ ಮೈ ಬೇಕು, ಇದಕ್ಕೆ ಮೈಯೆಲ್ಲಿದೆ ಎಂದ ಕಮ್ಮಾರ.

ರೈತನಿಗೆ ದಿಕ್ಕು ತೋಚಲಿಲ್ಲ. ಭಾರವಾದದ್ದನ್ನು ಅವಳು ಎತ್ತಲಾರಳು. ಹಗುರವಾದದ್ದನ್ನು ತಾಳಲಾರಳು. ಅವನು ಹಗುರ ಕೋವಿಗೆ ಮದ್ದನ್ನು ಅರ್ಧ ಮಾಡಿದ. ಆಗ ಕೋವಿ ಒದೆಯಲಿಲ್ಲ. ಹಂದಿ ಸದ್ದು ಕೇಳಿ ತಲೆಯೆತ್ತಿ ನೋಡಿತು, ಮತ್ತೆ ಮೇಯತೊಡಗಿತು.

“ಅವನಿಗೆ ಬುದ್ಧಿ ಬೇಡವೇ? ಭಾರವಾದದ್ದನ್ನು ಯಾವುದಾದರೂ ಕವೆಗೋಲಿನ ಮೇಲೆ ಇಟ್ಟರೆ ಮುಗಿಯಿತಲ್ಲ!” ಎಂದು ಚಿಕ್ಕತಾಯಮ್ಮ ನಡುವೆ ನುಗ್ಗಿದಳು.

“ಅವನೂ ಹಾಗೆಯೇ ಮಾಡಿದ,” ಎಂದರು ಗುರು.

ರೈತ ಅಟ್ಟಣೆಯ ಮೇಲೆ ಒಂದು ಕವೆಗೋಲು ನೆಟ್ಟು ಹಳೆಯ ಕೋವಿಯನ್ನು ಅದರ ಮೇಲೆ ಇಟ್ಟ. ಭಾರವನ್ನು ಕೋಲು ಹೊತ್ತಿತು. ಒದೆತವನ್ನು ಭಾರ ನುಂಗಿತು. ಇನ್ನು ಉಳಿದದ್ದು ಕುದುರೆ. ಅದನ್ನು ಎಳೆದರೆ ತಾನೇ ಗುಂಡು ಹಾರುವುದು? ತಾಯಿಯ ಒಂದು ಬೆರಳಿಗೆ ಅದು ಜಗ್ಗುತ್ತಿರಲಿಲ್ಲ. ಅವಳು ಎರಡು ಕೈಯ ಬೆರಳುಗಳನ್ನು ಸೇರಿಸಿ, ಉಸಿರು ಬಿಗಿಹಿಡಿದು, ಮೆಲ್ಲಮೆಲ್ಲಗೆ ಎಳೆಯಬೇಕಿತ್ತು. ಎಷ್ಟೋ ಸಲ ಅವಳು ಎಳೆಯುತ್ತಾ ಎಳೆಯುತ್ತಾ ಸುಮ್ಮನೆ ಬಿಟ್ಟುಬಿಡುತ್ತಿದ್ದಳು. ಪಾಪ, ಶಕ್ತಿ ಸಾಲದು ಎಂದುಕೊಂಡ ಮಗ. ಅವನು ಕೋವಿಯನ್ನು ಹೊತ್ತು ಮತ್ತೆ ಕಮ್ಮಾರನ ಬಳಿಗೆ ಹೋದ.

“ಕುದುರೆಯನ್ನು ಸಡಿಲ ಮಾಡಿಕೊಡು.”

“ಎಷ್ಟು ಸಡಿಲ?”

“ನನ್ನ ತಾಯಿ ಬೆರಳು ಇಟ್ಟರೆ ಸಾಕು, ಹಾರಬೇಕು.”

ಕಮ್ಮಾರ ಒಂದು ಕ್ಷಣ ಅವನ ಮುಖ ನೋಡಿದ. ಕೇಳಿದವನು ಮಗ, ಕೇಳಿದ್ದು ತಾಯಿಗಾಗಿ. ಕಮ್ಮಾರ ಅರವನ್ನು ಕೈಗೆತ್ತಿಕೊಂಡು ಒಳಗಿನ ಕೊಕ್ಕೆಯನ್ನು ಉಜ್ಜಿ ಸವೆಸಿ ಕೊಟ್ಟ.

ಏಳು ದಿನ ಒಂದು ತೆನೆಯೂ ಹಾಳಾಗಲಿಲ್ಲ. ಮುದುಕಿ ಬೆರಳು ಇಡುತ್ತಿದ್ದಳು, ಕೋವಿ ಗುಡುಗುತ್ತಿತ್ತು, ಹಂದಿಗಳು ಕಾಡಿಗೆ ಓಡುತ್ತಿದ್ದವು. ಇಂಥ ಮಗ ಎಲ್ಲರಿಗೂ ಸಿಗಬೇಕು ಎಂದು ಊರಿನವರು ಹೊಗಳಿದರು. 

ಎಂಟನೆಯ ಸಂಜೆ ಜೋಳದ ನಡುವೆ ಏನೋ ಅಲ್ಲಾಡಿತು. ಮುದುಕಿ ಗುರಿ ಹಿಡಿದು ಬೆರಳು ಇಟ್ಟಳು. ಗುಂಡು ಹಾರಿತು. ಹೊಲದೊಳಗಿನಿಂದ ಒಂದು ಹೆಣ್ಣಿನ ಕೂಗು ಕೇಳಿಸಿತು.

ಪಕ್ಕದ ಮನೆಯವಳು ಹಸುವಿಗೆ ಹುಲ್ಲು ಕೊಯ್ಯಲು ಬಗ್ಗಿದ್ದಳು. ಗುಂಡು ಅವಳ ಕಿವಿಯ ತುದಿಯನ್ನು ಕೊಂಡೊಯ್ದಿತ್ತು. ಜೀವ ಉಳಿದಿತ್ತು.

ರೈತ ಓಡಿಬಂದ. ಮುದುಕಿ ಅಟ್ಟಣೆಯಿಂದ ಇಳಿದು ನೆಲದ ಮೇಲೆ ಕುಳಿತಿದ್ದಳು. ಕುದುರೆಯನ್ನು ಮೊದಲು ಇದ್ದ ಹಾಗೆಯೇ ಮಾಡಿಸು ಎಂದಳು.

“ಅದನ್ನು ನೀನು ಎಳೆಯುವುದರೊಳಗೆ ಹಂದಿ ಅರ್ಧ ಹೊಲ ತಿಂದಿರುತ್ತಿತ್ತಲ್ಲಮ್ಮಾ!”

“ಅದನ್ನು ಎಳೆಯುವುದರೊಳಗೆ ಹಂದಿ ನಾಲ್ಕು ಸಲ ಮನುಷ್ಯನಾಗಿದೆಯಪ್ಪ,” ಎಂದಳು ತಾಯಿ. “ಒಂದು ಸಲ ನೀನೇ ಆಗಿದ್ದೆ.”

ಗುರು ಕತೆ ನಿಲ್ಲಿಸಿದರು.

ಚಿಕ್ಕತಾಯಮ್ಮನಿಗೆ ತಲೆ ಗಿರ್ರೆಂದಿತು. ಬರುವಾಗ ಅವಳ ಮುಂದೆ ಎರಡು ಕೋವಿಗಳಿದ್ದವು, ಒಂದು ಹಗುರ, ಒಂದು ಭಾರ. ಈಗ ಕುದುರೆ ಬಿಗಿಯಾದದ್ದು, ಸಡಿಲವಾದದ್ದು ಎಂದು ಅವು ನಾಲ್ಕಾಗಿದ್ದವು. ಬಿಗಿಯಾದರೆ ಅತ್ತೆಯ ಬೆರಳಿಗೆ ಆಗದು. ಸಡಿಲವಾದರೆ ಹೊಲದಲ್ಲಿದ್ದವರಿಗೆ ಆಗದು. ಕೋವಿಯೇ ಬೇಡವೆಂದರೆ ಜೋಳ ಉಳಿಯದು, ಜೋಳ ಉಳಿಯದಿದ್ದರೆ ವರ್ಷ ನಡೆಯದು.

“ಒಂದು ಕೇಳಿದರೆ ಒಂಬತ್ತು ಹೇಳುತ್ತೀರಲ್ಲ ಬುದ್ಧಿ! ಹೊತ್ತು ಹುಟ್ಟಿದರೆ ಗಂಡ ಬಸ್ಸು ಹತ್ತುತ್ತಾನೆ. ಅವನಿಗೆ ಏನು ತಾ ಎನ್ನಲಿ?”

“ಸಂಜೆ ನಿನ್ನ ಅತ್ತೆಗೆ ಬುತ್ತಿ ಒಯ್ಯುವವರು ಯಾರು?”

“ನನ್ನ ದೊಡ್ಡ ಮಗಳು. ದಾರಿಯಲ್ಲಿ ಹೋಗು ಎಂದರೆ ಕೇಳುವುದಿಲ್ಲ, ಜೋಳದ ಸಾಲಿನೊಳಗೇ ನುಸುಳಿಕೊಂಡು ಹೋಗುತ್ತಾಳೆ. ಅದಕ್ಕೂ ಕೋವಿಗೂ ಏನು...”

 ಅತ್ತೆಯ ಮಣಿಕಟ್ಟು, ಭುಜ, ಬೆರಳು, ಎಲ್ಲವನ್ನೂ ಅಳೆದು ಬಂದಿದ್ದವಳನ್ನು ಗುರು ಇನ್ನೊಂದು ಅಳತೆ ಕೇಳಿದರು.

“ಆ ಮಬ್ಬಿನಲ್ಲಿ, ಬರುತ್ತಿರುವುದು ಮೊಮ್ಮಗಳು ಎಂದು ನಿನ್ನ ಅತ್ತೆಯ ಕಣ್ಣಿಗೆ ಗೊತ್ತಾಗುವುದು ಎಷ್ಟು ಮಾರು ದೂರದಲ್ಲಿ?”